ಸೂಪರ್‌ಚಾರ್ಜರ್: ಒತ್ತಡದ ಲೆಕ್ಕ, ಉಷ್ಣದ ಬಾಕಿ

ಕಾರಿನ ಎಂಜಿನ್ನಿಗೆ ಸೂಪರ್‌ಚಾರ್ಜರ್ ಜೋಡಿಸುವ ಮಾತು ಬಂದಾಗಲೆಲ್ಲ ಒಂದು ಭರವಸೆ ತಪ್ಪದೆ ಕೇಳಿಬರುತ್ತದೆ: “ಎಂಜಿನ್ ಬಿಚ್ಚಬೇಕಾಗಿಲ್ಲ. ಇಷ್ಟು ಪೌಂಡ್ ಒತ್ತಡದವರೆಗೆ ಕಾರ್ಖಾನೆಯಿಂದ ಬಂದ ಪಿಸ್ಟನ್, ಕನೆಕ್ಟಿಂಗ್ ರಾಡ್‌ಗಳೇ ಸಾಕು.” ಈ ‘ಇಷ್ಟು’ ಎಂಬುದು ಕೆಲವರ ಲೆಕ್ಕದಲ್ಲಿ 6, ಕೆಲವರ ಲೆಕ್ಕದಲ್ಲಿ 8, ಇನ್ನು ಕೆಲವರ ಲೆಕ್ಕದಲ್ಲಿ 12. ಈ ಸಂಖ್ಯೆಯ ಹಿಂದಿರುವ ವಿಜ್ಞಾನ ಎಷ್ಟು ಗಟ್ಟಿ? ಕಾರ್ಖಾನೆಯಲ್ಲೇ ಸೂಪರ್‌ಚಾರ್ಜರ್ ಕಂಡ ಮೂರು ಎಂಜಿನ್‌ಗಳನ್ನೂ, ಹೊರಗಿನಿಂದ ತಂದು ಜೋಡಿಸಿಕೊಂಡ ಒಂದು ಎಂಜಿನ್ನನ್ನೂ ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲೇ ಹೇಳಿಬಿಡಬಹುದಾದ ಮಾತು ಇದು: ಆ ಭರವಸೆ ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ಅಳೆದಿರುವ ಮಾನ ತಪ್ಪು. ಎಂಜಿನ್ನಿನ ಒಳಭಾಗಗಳ ಮಿತಿಯನ್ನು ಒತ್ತಡದಲ್ಲಿ ಬರೆಯಲಾಗಿದೆ. ಅವು ಬಹುಪಾಲು ಸೋಲುವುದು ತಾಪಕ್ಕೆ.

ಗಾಳಿ ಬಿಸಿಯಾಗುವ ಬಗೆ

ಪೆಟ್ರೋಲ್ ಎಂಜಿನ್ನಿನ ಶಕ್ತಿ ಅದು ಒಳಗೆಳೆದುಕೊಳ್ಳುವ ಗಾಳಿಯ ರಾಶಿಯನ್ನು ಅವಲಂಬಿಸಿದೆ. ಗಾಳಿ ಹೆಚ್ಚಾದರೆ ಇಂಧನವನ್ನು ಹೆಚ್ಚು ಸುಡಬಹುದು. ಸೂಪರ್‌ಚಾರ್ಜರ್ ಎಂದರೆ ಕ್ರ್ಯಾಂಕ್‌ಶಾಫ್ಟಿನಿಂದ ಬೆಲ್ಟಿನ ಮೂಲಕ ತಿರುಗುತ್ತ, ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಇದೇ ಕೆಲಸವನ್ನು ಹೊರಹೋಗುವ ಹೊಗೆಯ ಬಲದಿಂದ ಮಾಡುವುದು ಟರ್ಬೋಚಾರ್ಜರ್. ಕಾರುಗಳಲ್ಲಿ ಹೆಚ್ಚು ಬಳಕೆಗೆ ಬಂದ ಸೂಪರ್‌ಚಾರ್ಜರ್ ರೂಟ್ಸ್ ಮಾದರಿಯದು. ಅಮೆರಿಕದ ಇಂಡಿಯಾನಾ ರಾಜ್ಯದ ರೂಟ್ಸ್ ಸೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯೂದುವ ಯಂತ್ರವೇ ಇದರ ಮೂಲ. ಎರಡು ರೋಟರ್‌ಗಳು ಒಂದರೊಳಗೊಂದು ಹೊಂದಿಕೊಂಡು ತಿರುಗುತ್ತ, ಗಾಳಿಯನ್ನು ಅಂಚಿನಲ್ಲಿ ಹಿಡಿದು ಆಚೆ ಬದಿಗೆ ಸಾಗಿಸುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ರೂಟ್ಸ್ ಯಂತ್ರ ತನ್ನೊಳಗೆ ಗಾಳಿಯನ್ನು ಸಂಪೀಡಿಸುವುದಿಲ್ಲ, ಕೇವಲ ಸಾಗಿಸುತ್ತದೆ. ರೋಟರಿನ ಬಾಯಿ ಆಚೆ ಬದಿಗೆ ತೆರೆದಾಗ ಅಲ್ಲಿ ಆಗಲೇ ಒತ್ತಡದಲ್ಲಿರುವ ಗಾಳಿ ಹಿಂದಕ್ಕೆ ನುಗ್ಗಿ ಹೊಸ ಗಾಳಿಯನ್ನು ಒಮ್ಮೆಲೇ ಒತ್ತುತ್ತದೆ. ಈ ಕ್ರಮದಲ್ಲಿ ಖರ್ಚಾಗುವ ಕೆಲಸ ಆದರ್ಶ ಸಂಪೀಡನಕ್ಕಿಂತ ಹೆಚ್ಚು. ಸೋರಿಕೆಯೇ ಇಲ್ಲದ ಆದರ್ಶ ರೂಟ್ಸ್ ಯಂತ್ರವನ್ನು ಊಹಿಸಿಕೊಂಡು ಲೆಕ್ಕ ಹಾಕಿದರೂ ಅದರ ಸ್ಥಿರೋಷ್ಣ ದಕ್ಷತೆ 1.4 ಒತ್ತಡ ಅನುಪಾತದಲ್ಲಿ ಸುಮಾರು ಶೇ. 88, 1.8ರಲ್ಲಿ ಶೇ. 80, 2ರಲ್ಲಿ ಶೇ. 77. ಸೋರಿಕೆ, ಘರ್ಷಣೆಗಳನ್ನು ಸೇರಿಸಿದರೆ ನಿಜವಾದ ಯಂತ್ರದ್ದು ಇನ್ನೂ ಕಡಿಮೆ. ಒತ್ತಡ ಹೆಚ್ಚಿಸಿದಷ್ಟೂ ದಕ್ಷತೆ ಕುಗ್ಗುತ್ತದೆ. ಕುಗ್ಗಿದ ದಕ್ಷತೆಯೆಲ್ಲ ಗಾಳಿಯಲ್ಲಿ ಉಷ್ಣವಾಗಿ ಉಳಿಯುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೊರಗಿನ ಗಾಳಿ 30 ಡಿಗ್ರಿ ಸೆ., ಅಂದರೆ 303 ಕೆಲ್ವಿನ್. ಒತ್ತಡ ಅನುಪಾತ 1.4, ಅಂದರೆ ವಾಯುಭಾರದ ಮೇಲೆ ಸುಮಾರು 6 ಪೌಂಡ್. ಆದರ್ಶ ಸಂಪೀಡನದಲ್ಲಿ ಗಾಳಿಯ ತಾಪ 31 ಡಿಗ್ರಿಯಷ್ಟು ಏರುತ್ತದೆ. ದಕ್ಷತೆ ಶೇ. 60 ಎಂದಿಟ್ಟುಕೊಂಡರೆ ಏರಿಕೆ 51 ಡಿಗ್ರಿ. ಗಾಳಿ 81 ಡಿಗ್ರಿಯಲ್ಲಿ ಎಂಜಿನ್ ಸೇರುತ್ತದೆ. ಒತ್ತಡ ಶೇ. 40ರಷ್ಟು ಹೆಚ್ಚಿದರೂ ಗಾಳಿ ಬಿಸಿಯಾಗಿ ಹಿಗ್ಗಿರುವುದರಿಂದ ಸಾಂದ್ರತೆ ಹೆಚ್ಚಿದ್ದು ಶೇ. 20 ಮಾತ್ರ. ಮಾಪಕ ತೋರಿಸಿದ ಲಾಭದಲ್ಲಿ ಅರ್ಧ ಕೈಗೆ ಬರಲೇ ಇಲ್ಲ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಇದೇ ಗಾಳಿಯನ್ನು ಪಿಸ್ಟನ್ ಇನ್ನೊಮ್ಮೆ ಸಂಪೀಡಿಸುತ್ತದೆ. ಎಂಜಿನ್ನಿನ ಸಂಪೀಡನ ಅನುಪಾತ 9.4 ಎಂದೂ ಸಂಪೀಡನದ ಘಾತಾಂಕ 1.3 ಎಂದೂ ಇಟ್ಟುಕೊಂಡರೆ ಕೆಲ್ವಿನ್ ತಾಪ ಸುಮಾರು 1.96 ಪಟ್ಟಾಗುತ್ತದೆ. ಸೂಪರ್‌ಚಾರ್ಜರ್ ಇಲ್ಲದಾಗ 303 ಇದ್ದದ್ದು 593 ಕೆಲ್ವಿನ್ ಆಗುತ್ತದೆ. ಸೂಪರ್‌ಚಾರ್ಜರ್ ಇದ್ದಾಗ 354 ಇದ್ದದ್ದು 693 ಆಗುತ್ತದೆ. ಪ್ರವೇಶದಲ್ಲಿ 51 ಡಿಗ್ರಿ ಇದ್ದ ವ್ಯತ್ಯಾಸ ಸಂಪೀಡನದ ಕೊನೆಗೆ 100 ಡಿಗ್ರಿ. ಕಿಡಿ ಹಾರುವ ಮುನ್ನವೇ ಮಿಶ್ರಣ ಇಷ್ಟು ಬಿಸಿಯಾಗಿರುತ್ತದೆ. ಸಿಲಿಂಡರಿನ ಗೋಡೆಯ ಬಿಸಿ, ಹಿಂದಿನ ಆವರ್ತದ ಉಳಿಕೆ ಅನಿಲಗಳ ಬಿಸಿ ಇದರಲ್ಲಿ ಸೇರಿಲ್ಲ.

ಇದರ ಪರಿಣಾಮ ನಾಕಿಂಗ್. ಕಿಡಿಯಿಂದ ಹೊರಟ ಜ್ವಾಲೆ ಸಿಲಿಂಡರಿನ ದೂರದ ಮೂಲೆ ತಲಪುವ ಮುನ್ನವೇ ಅಲ್ಲಿ ಉಳಿದ ಮಿಶ್ರಣ ತಾಪ, ಒತ್ತಡಗಳಿಂದಾಗಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆಗ ಹುಟ್ಟುವ ಒತ್ತಡದ ಅಲೆಗಳು ಪಿಸ್ಟನ್ನಿನ ನೆತ್ತಿಯ ಮೇಲಿರುವ ತೆಳುವಾದ ಅನಿಲ ಪದರವನ್ನು ಕದಡುತ್ತವೆ. ಲೋಹಕ್ಕೆ ಕವಚದಂತಿದ್ದ ಆ ಪದರ ಹರಿದೊಡನೆ ಉಷ್ಣ ನೇರವಾಗಿ ಪಿಸ್ಟನ್ನಿಗೆ ಸುರಿಯುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹ ಮೆತ್ತಗಾಗುತ್ತದೆ. ಹೊಡೆತಕ್ಕೆ ರಿಂಗುಗಳ ನಡುವಿನ ಏಣು ಒಡೆಯುತ್ತದೆ. ಮೇಲಿನ ರಿಂಗು ವಿಪರೀತ ಹಿಗ್ಗಿದರೆ ಅದರ ಎರಡು ತುದಿಗಳು ಒಂದಕ್ಕೊಂದು ತಾಗಿ, ರಿಂಗು ಸಿಲಿಂಡರಿನಲ್ಲಿ ಸಿಕ್ಕಿಕೊಂಡು ಪಿಸ್ಟನ್ನಿನ ಅಂಚನ್ನೇ ಕೀಳುವುದೂ ಉಂಟು. ಒಡೆದ ಪಿಸ್ಟನ್ನನ್ನು ಕೈಯಲ್ಲಿ ಹಿಡಿದವರು “ಒತ್ತಡ ಹೆಚ್ಚಾಯಿತು” ಎನ್ನುತ್ತಾರೆ. ಒತ್ತಡ ಕೊನೆಯ ಏಟು ಕೊಟ್ಟದ್ದು ನಿಜ. ಲೋಹವನ್ನು ಮೊದಲೇ ಸೋಲಿಸಿಟ್ಟದ್ದು ತಾಪ.

ಕಾರ್ಖಾನೆಯವರು ಬದಲಿಸಿದ್ದೇನು?

ಟೊಯೋಟಾ ಸಂಸ್ಥೆಯ 4ಎ-ಜಿಇ ಮತ್ತು 4ಎ-ಜಿಝಡ್‌ಇ ಎಂಜಿನ್‌ಗಳು ಈ ವಿಷಯದಲ್ಲಿ ಪಾಠವಾಗಬಲ್ಲ ಜೋಡಿ. ಎರಡೂ 1587 ಘನ ಸೆಂ.ಮೀ. ಗಾತ್ರದ ನಾಲ್ಕು ಸಿಲಿಂಡರ್ ಎಂಜಿನ್‌ಗಳು. ಮೊದಲನೆಯದು ತಾನಾಗಿ ಉಸಿರಾಡುವಂಥದು. ಎರಡನೆಯದು 1986ರಿಂದ ತಯಾರಾದ ಸೂಪರ್‌ಚಾರ್ಜರ್ ಆವೃತ್ತಿ. ಎಂಆರ್2 ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಬಂದಿತು. ಸಿಲಿಂಡರ್ ಹೆಡ್ಡಿನ ಗಾಳಿದಾರಿಗಳು, ಕವಾಟ ತೆರೆಯುವ ವೇಳೆ, ಹೆಡ್ ಗ್ಯಾಸ್ಕೆಟ್ ಹಿಂದಿನವೇ. ಬದಲಾದದ್ದು ಪಿಸ್ಟನ್. ಎರಕದ ಬದಲು ಬಡಿದು ರೂಪಿಸಿದ, ನೆತ್ತಿಯಲ್ಲಿ ತಗ್ಗಿರುವ ಪಿಸ್ಟನ್ ಹಾಕಿ ಸಂಪೀಡನ ಅನುಪಾತವನ್ನು 9.4ರಿಂದ 8.0ಕ್ಕೆ ಇಳಿಸಲಾಯಿತು. ಜೊತೆಗೆ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಬಂದಿತು. ಸೂಪರ್‌ಚಾರ್ಜರಿಗೆ ವಿದ್ಯುತ್ಕಾಂತೀಯ ಕ್ಲಚ್ ಅಳವಡಿಸಿ, ಹೊರೆ ಕಡಿಮೆಯಿರುವಾಗ ಅದು ತಿರುಗದಂತೆಯೇ ಮಾಡಿದರು.

ಈ ಆಯ್ಕೆಗಳ ಹಿಂದಿರುವ ವಿವೇಕವನ್ನು ಲೆಕ್ಕದಲ್ಲೇ ಕಾಣಬಹುದು. ಒತ್ತಡ ಅನುಪಾತ 1.8, ದಕ್ಷತೆ ಶೇ. 60 ಎಂದು ಭಾವಿಸಿ. ಇಂಟರ್‌ಕೂಲರ್ ಇಲ್ಲದಿದ್ದರೆ ಗಾಳಿ 122 ಡಿಗ್ರಿ ಸೆ.ನಲ್ಲಿ ಸಿಲಿಂಡರ್ ಸೇರುತ್ತದೆ, 9.4 ಅನುಪಾತದಲ್ಲಿ ಸಂಪೀಡನದ ಕೊನೆಗೆ ಸುಮಾರು 774 ಕೆಲ್ವಿನ್. ಏರಿದ ತಾಪದಲ್ಲಿ ಶೇ. 70ರಷ್ಟನ್ನು ತೆಗೆಯಬಲ್ಲ ಇಂಟರ್‌ಕೂಲರ್ ಇದ್ದರೆ ಗಾಳಿ 58 ಡಿಗ್ರಿಗೆ ಇಳಿಯುತ್ತದೆ. ಕೊನೆಗೆ 648 ಕೆಲ್ವಿನ್. ಇದರ ಮೇಲೆ ಸಂಪೀಡನ ಅನುಪಾತವನ್ನೂ 8.0ಕ್ಕೆ ಇಳಿಸಿದರೆ 618 ಕೆಲ್ವಿನ್. ಸೂಪರ್‌ಚಾರ್ಜರೇ ಇಲ್ಲದ ಮೂಲ ಎಂಜಿನ್ನಿನ 593ಕ್ಕೆ ಹೋಲಿಸಿದರೆ ಕೇವಲ 25 ಡಿಗ್ರಿ ಹೆಚ್ಚು. ನಾಕಿಂಗ್ ಒತ್ತಡವನ್ನೂ ಅವಲಂಬಿಸಿರುವುದರಿಂದ ಇಷ್ಟಕ್ಕೇ ಅಪಾಯ ಕಳೆಯಿತು ಎನ್ನಲಾಗದು. ಆದರೂ ತಾಪದ ಸಾಲವನ್ನು ಬಹುಪಾಲು ತೀರಿಸಿದಂತಾಯಿತು. ಇಂಟರ್‌ಕೂಲರಿನಿಂದ ಇನ್ನೊಂದು ಲಾಭವೂ ಇದೆ. ಅದಿಲ್ಲದಾಗ ಮೂಲದ 1.38 ಪಟ್ಟಿದ್ದ ಗಾಳಿಯ ಸಾಂದ್ರತೆ ಅದರಿಂದಾಗಿ 1.65 ಪಟ್ಟಿಗೆ ಏರುತ್ತದೆ. ಎಂಜಿನ್ನನ್ನು ಕಾಪಾಡುವ ಸಾಧನವೇ ಶಕ್ತಿಯನ್ನೂ ಹೆಚ್ಚಿಸುವುದು ಅಪರೂಪ, ಇಂಟರ್‌ಕೂಲರ್ ಅಂಥದೊಂದು.

ಜನರಲ್ ಮೋಟಾರ್ಸ್ ಹಿಡಿದ ದಾರಿ ಬೇರೆ. ಅದರ 3.8 ಲೀಟರಿನ ವಿ-6 ಎಂಜಿನ್ನಿನ ಎರಡನೆಯ ಸರಣಿಯಲ್ಲಿ ಸೂಪರ್‌ಚಾರ್ಜರ್ ಹೊತ್ತ ಎಲ್67 ಆವೃತ್ತಿ 240 ಅಶ್ವಶಕ್ತಿ ಕೊಡುತ್ತಿತ್ತು. ಇಂಟರ್‌ಕೂಲರ್ ಇರಲಿಲ್ಲ. ಸಂಪೀಡನ ಅನುಪಾತವನ್ನು 9.4ರಿಂದ 8.5ಕ್ಕೆ ಇಳಿಸಿ, ದೊಡ್ಡ ಎಂಜಿನ್ನಿಗೆ ಮಿತವಾದ ಒತ್ತಡ ಕೊಟ್ಟು ನಿಭಾಯಿಸಿದರು. ದಿನಬಳಕೆಯ ಸಂಸಾರದ ಕಾರುಗಳಿಗೆ ಇದು ಸರಿಹೊಂದಿತು. ಆದರೆ ಇದರಲ್ಲಿ ಮುಂದಿನ ಬೆಳವಣಿಗೆಗೆ ಎಡೆ ಕಡಿಮೆ. ಸೂಪರ್‌ಚಾರ್ಜರಿನ ಪುಲ್ಲಿಯನ್ನು ಚಿಕ್ಕದು ಮಾಡಿ ವೇಗ ಹೆಚ್ಚಿಸಿದರೆ ಒತ್ತಡ ಏರುತ್ತದೆ, ದಕ್ಷತೆ ಇಳಿಯುತ್ತದೆ. ಹುಟ್ಟಿದ ಉಷ್ಣಕ್ಕೆ ಹೊರಹೋಗುವ ದಾರಿಯೇ ಇಲ್ಲ.

2002ರಿಂದ 2006ರವರೆಗೆ ಬಂದ ಮಿನಿ ಕೂಪರ್ ಎಸ್ ಮೂರನೆಯ ಉದಾಹರಣೆ. 1.6 ಲೀಟರಿನ ಸಾಮಾನ್ಯ ಕೂಪರಿನಲ್ಲಿ 10.6 ಇದ್ದ ಸಂಪೀಡನ ಅನುಪಾತ ಇದರಲ್ಲಿ 8.3. ಈಟನ್ ಕಂಪನಿಯ ಎಂ45 ಸೂಪರ್‌ಚಾರ್ಜರ್ ಮತ್ತು ಎಂಜಿನ್ನಿನ ನೆತ್ತಿಯ ಮೇಲೆ ಇಂಟರ್‌ಕೂಲರ್. ಕಾರಿನ ಮುಂಗವಚದ ಮೇಲಿನ ಬಾಯಿಯಿಂದ ಅದಕ್ಕೆ ಗಾಳಿ. ಇದರ ವಿನ್ಯಾಸದಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ಕಾರು ಓಡುತ್ತಿರುವಾಗ ಈ ಜಾಗ ಒಳ್ಳೆಯದು. ಕೊಳವೆಗಳು ಗಿಡ್ಡ, ಒತ್ತಡದ ನಷ್ಟ ಕಡಿಮೆ. ಆದರೆ ಕಾರು ನಿಂತಾಗ, ನಿಧಾನವಾಗಿ ಸಾಗುವಾಗ, ಕೆಳಗಿನ ಎಂಜಿನ್ನಿನಿಂದ ಏಳುವ ಬಿಸಿ ನೇರ ಇಂಟರ್‌ಕೂಲರಿಗೇ ತಗಲುತ್ತದೆ. ತಂಪು ಮಾಡಬೇಕಾದ್ದು ಸ್ವಲ್ಪ ಹೊತ್ತು ತಾನೇ ಬಿಸಿಯಾಗಿ ಕೂತಿರುತ್ತದೆ.

ಮೂರು ಕಂಪನಿಗಳು, ಮೂರು ದೇಶಗಳ ಪರಂಪರೆಗಳು. ಆದರೂ ಮೂವರೂ ಬದಲಿಸಿದ ಅಂಶ ಒಂದು ಸಮಾನವಾಗಿದೆ: ಸಂಪೀಡನ ಅನುಪಾತ. ‘ಒಳಗಿನ ಭಾಗ ಮುಟ್ಟಬೇಕಾಗಿಲ್ಲ’ ಎನ್ನುವವರು ಬಿಟ್ಟುಬಿಡುವುದೂ ಅದನ್ನೇ. ಏಕೆಂದರೆ ಅದನ್ನು ಬದಲಿಸಲು ಪಿಸ್ಟನ್ ಬದಲಿಸಬೇಕು, ಎಂಜಿನ್ ಬಿಚ್ಚಬೇಕು.

ಹೊರಗಿನಿಂದ ಬಂದ ಸೂಪರ್‌ಚಾರ್ಜರ್

ಈಗ ನಾಲ್ಕನೆಯ ಎಂಜಿನ್ನಿಗೆ ಬರೋಣ. 1989ರಲ್ಲಿ ಮಾಜ್ಡಾ ಹೊರತಂದ ಎಂಎಕ್ಸ್-5 ಎಂಬ ತೆರೆದ ಸ್ಪೋರ್ಟ್ಸ್ ಕಾರು ಅಮೆರಿಕದಲ್ಲಿ ಮಿಯಾಟಾ ಎಂಬ ಹೆಸರಿನಿಂದ ಜನಪ್ರಿಯವಾಯಿತು. 1597 ಘನ ಸೆಂ.ಮೀ. ಎಂಜಿನ್, ಸಂಪೀಡನ ಅನುಪಾತ 9.4, ಅಮೆರಿಕದ ಆವೃತ್ತಿಯಲ್ಲಿ 116 ಅಶ್ವಶಕ್ತಿ. ಕಾರು ಹಗುರ, ಓಟ ಲಘು. ಶಕ್ತಿ ಇನ್ನಷ್ಟಿದ್ದರೆ ಎಂಬ ಆಸೆ ಹಲವರಿಗೆ. 1990ರ ದಶಕದಲ್ಲೇ ಈಟನ್ ಎಂ45 ಬಳಸಿ ತಯಾರಿಸಿದ ಜೋಡಣಾ ಕಿಟ್‌ಗಳು ಅಲ್ಲಿನ ಮಾರುಕಟ್ಟೆಗೆ ಬಂದವು. ಇಂಟರ್‌ಕೂಲರ್ ಇಲ್ಲದೆ, ಸುಮಾರು 6 ಪೌಂಡ್ ಒತ್ತಡದಲ್ಲಿ, ಕಾರ್ಖಾನೆಯ ಪಿಸ್ಟನ್‌ಗಳ ಮೇಲೇ ಇವು ಕೆಲಸ ಮಾಡಿದವು. ಲೇಖನದ ಮೊದಲಿಗೆ ಮಾಡಿದ 1.4 ಅನುಪಾತದ ಲೆಕ್ಕ ಇಂಥ ಕಾರಿನದೇ.

ಆ ಲೆಕ್ಕದ ಪ್ರಕಾರ ಎಂಜಿನ್ ಬೇಗ ಹಾಳಾಗಬೇಕಿತ್ತಲ್ಲವೆ? ರಸ್ತೆಯ ಮೇಲೆ ಹಾಗಾಗದಿರಲು ಕಾರಣವಿದೆ. ಈಟನ್ ಮಾದರಿಗಳಲ್ಲಿ ಬೈಪಾಸ್ ಕವಾಟವೊಂದಿರುತ್ತದೆ. ವೇಗವರ್ಧಕವನ್ನು ಮೆಲ್ಲಗೆ ಒತ್ತಿದಾಗ ಈ ಕವಾಟ ತೆರೆದು ಗಾಳಿ ಸಂಪೀಡನಕ್ಕೆ ಸಿಗದೆ ಮರಳಿ ಸುತ್ತುತ್ತದೆ. ದಿನನಿತ್ಯದ ಓಟದಲ್ಲಿ ಪೂರ್ಣ ಒತ್ತಡ ಬೇಕಾಗುವುದು ಕೆಲವೇ ಕ್ಷಣ. ಆ ಕ್ಷಣಗಳಲ್ಲಿ ಸೇರಿದ ಉಷ್ಣವನ್ನು ಲೋಹವೂ ನೀರೂ ಹೀರಿಕೊಂಡು, ಮುಂದಿನ ಕೆಲವು ನಿಮಿಷಗಳಲ್ಲಿ ಹೊರಹಾಕುತ್ತವೆ. ಅದೇ ಕಾರನ್ನು ರೇಸ್ ಪಥದಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಿಸಿದರೆ, ಅಥವಾ ಉದ್ದನೆಯ ಘಾಟಿ ಏರಿಸಿದರೆ ಹೀರಿಕೊಳ್ಳುವ ಎಡೆ ಮುಗಿಯುತ್ತದೆ. ಒತ್ತಡ ಅದೇ 6 ಪೌಂಡ್, ಫಲಿತಾಂಶ ಬೇರೆ. ‘ಇಷ್ಟು ಪೌಂಡ್ ತಡೆಯುತ್ತದೆ’ ಎಂಬ ಹೇಳಿಕೆಯ ಮುಖ್ಯ ದೋಷ ಇದು: ಅದರಲ್ಲಿ ಕಾಲ ಎಂಬ ಅಂಶವೇ ಇಲ್ಲ.

ರಾಡ್ ನಿಜಕ್ಕೂ ತಡೆಯುತ್ತದೆಯೆ?

ಇನ್ನೊಂದು ಕಡೆಯ ವಾದಕ್ಕೂ ನ್ಯಾಯ ಸಲ್ಲಬೇಕು. ಬಲದ ದೃಷ್ಟಿಯಿಂದ ನೋಡಿದರೆ ಕಾರ್ಖಾನೆಯ ಭಾಗಗಳನ್ನು ನಂಬುವವರ ಮಾತಿನಲ್ಲಿ ಹುರುಳಿದೆ. ಕನೆಕ್ಟಿಂಗ್ ರಾಡಿನ ಮೇಲೆ ಎರಡು ಬಗೆಯ ಬಲಗಳು ಬೀಳುತ್ತವೆ. ದಹನದ ಹೊತ್ತಿನಲ್ಲಿ ಅನಿಲದ ಒತ್ತಡ ಅದನ್ನು ಅದುಮುತ್ತದೆ. ಹೊಗೆ ಹೊರಹೋಗುವ ಹೊಡೆತದ ಕೊನೆಯಲ್ಲಿ, ಮೇಲಕ್ಕೆ ಧಾವಿಸುತ್ತಿರುವ ಪಿಸ್ಟನ್ನನ್ನು ತಡೆದು ಹಿಂದೆಳೆಯುವಾಗ ಜಡತ್ವ ಅದನ್ನು ಎಳೆಯುತ್ತದೆ. ಮಾಜ್ಡಾ ಎಂಜಿನ್ನಿನ ಸಿಲಿಂಡರ್ ವ್ಯಾಸ 78 ಮಿ.ಮೀ., ಹೊಡೆತದ ಉದ್ದ 83.6 ಮಿ.ಮೀ. ದಹನದ ಗರಿಷ್ಠ ಒತ್ತಡ 60 ಬಾರ್ ಎಂದು ಭಾವಿಸಿದರೆ ಅದುಮುವ ಬಲ ಸುಮಾರು 29 ಸಾವಿರ ನ್ಯೂಟನ್, ಅಂದರೆ ಮೂರು ಟನ್ನಿನ ತೂಕಕ್ಕೆ ಹತ್ತಿರ. ಮೇಲೆ ಕೆಳಗೆ ಚಲಿಸುವ ರಾಶಿ 0.45 ಕಿಲೋಗ್ರಾಂ ಎಂದುಕೊಂಡರೆ, ನಿಮಿಷಕ್ಕೆ 7000 ಸುತ್ತಿನಲ್ಲಿ ಎಳೆಯುವ ಬಲ ಸುಮಾರು 13 ಸಾವಿರ ನ್ಯೂಟನ್.

ಲೋಹ ದಣಿದು ಬಿರುಕು ಬಿಡುವುದರಲ್ಲಿ ಎಳೆತದ ಪಾತ್ರ ದೊಡ್ಡದು. ಈ ಎಳೆತ ಎಂಜಿನ್ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸೂಪರ್‌ಚಾರ್ಜರಿನ ಒತ್ತಡಕ್ಕೂ ಅದಕ್ಕೂ ಸಂಬಂಧವಿಲ್ಲ. 7000 ಸುತ್ತನ್ನು 8000 ಮಾಡಿದರೆ ಎಳೆತ ಶೇ. 31ರಷ್ಟು ಹೆಚ್ಚುತ್ತದೆ. ಆದ್ದರಿಂದ ಹೆಚ್ಚಿನ ಶಕ್ತಿಯನ್ನು ವೇಗದಿಂದ ಪಡೆಯುವ ಬದಲು ಸೂಪರ್‌ಚಾರ್ಜರಿನಿಂದ ಪಡೆಯುವುದು ರಾಡಿನ ಮಟ್ಟಿಗೆ ಸೌಮ್ಯವಾದ ದಾರಿಯೇ. ಅದುಮುವ ಬಲ ಸ್ವಲ್ಪ ಏರಿದರೆ ರಾಡ್ ಸಹಿಸಿಕೊಳ್ಳುತ್ತದೆ. ತೀರ ಹೆಚ್ಚಿದರೆ ಬಾಗುತ್ತದೆ. ನಾಕಿಂಗ್ ಇಲ್ಲದವರೆಗೆ ಈ ಲೆಕ್ಕ ನಿಲ್ಲುತ್ತದೆ. ನಾಕಿಂಗ್ ಶುರುವಾದರೆ ಒತ್ತಡದ ಊಹೆಗಳೆಲ್ಲ ಬುಡಮೇಲು. ಹೀಗೆ ಬಲದ ವಾದವೂ ತಿರುಗಿ ತಾಪದ ಬಾಗಿಲಿಗೇ ಬಂದು ನಿಲ್ಲುತ್ತದೆ.

ನೀರಿನ ದಾರಿ

ತಂಪಿನ ವ್ಯವಸ್ಥೆಯ ಪ್ರಶ್ನೆ ಬಂದಾಗ ಎಲ್ಲರ ಗಮನ ರೇಡಿಯೇಟರಿನ ಕಡೆಗೆ. ದೊಡ್ಡ ರೇಡಿಯೇಟರ್ ಹಾಕಿದರೆ ಮುಗಿಯಿತು ಎಂಬ ಭಾವನೆ. ಮಾಜ್ಡಾ ಎಂಜಿನ್ನಿನ ರಚನೆ ಈ ಭಾವನೆಯನ್ನು ಪ್ರಶ್ನಿಸುತ್ತದೆ.

ಈ ಎಂಜಿನ್ ಕುಟುಂಬ ಮೂಲತಃ ಮಾಜ್ಡಾ 323ರಂಥ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಅಡ್ಡಲಾಗಿ ಕೂತಿತ್ತು. ಆಗ ನೀರು ಎಂಜಿನ್ನಿನ ಒಂದು ತುದಿಯಲ್ಲಿರುವ ಪಂಪಿನಿಂದ ಒಳಹೊಕ್ಕು, ನಾಲ್ಕೂ ಸಿಲಿಂಡರುಗಳನ್ನು ಹಾದು, ಫ್ಲೈವೀಲ್ ಇರುವ ಇನ್ನೊಂದು ತುದಿಯಲ್ಲಿ ಹೊರಬರುತ್ತಿತ್ತು. ಎಂಎಕ್ಸ್-5ರಲ್ಲಿ ಎಂಜಿನ್ನನ್ನು ಉದ್ದುದ್ದಕ್ಕೆ ತಿರುಗಿಸಿ ಕೂರಿಸಿದಾಗ ಆ ತುದಿ ಕಾರಿನ ಒಳಗೋಡೆಗೆ ಒತ್ತಿಕೊಂಡಿತು; ಥರ್ಮೋಸ್ಟ್ಯಾಟಿಗಾಗಲಿ ದಪ್ಪ ಕೊಳವೆಗಾಗಲಿ ಅಲ್ಲಿ ಜಾಗವಿಲ್ಲ. ಆದ್ದರಿಂದ ನೀರು ಹೊರಬರುವ ದಾರಿಯನ್ನು ಮುಂದಿನ ತುದಿಗೆ, ಅಂದರೆ ಪಂಪು ಇರುವ ಬದಿಗೇ ತಂದರು. ಹಿಂದಿನ ತುದಿಯಿಂದ ಕಾರಿನೊಳಗಿನ ಹೀಟರಿಗೆ ಹೋಗುವ ಸಣ್ಣ ಹರಿವು ಮಾತ್ರ ಉಳಿಯಿತು. ಮುಂದೆ ಹೊಕ್ಕು ಮುಂದೆಯೇ ಹೊರಬರುವ ನೀರು ಹತ್ತಿರದ ದಾರಿಯನ್ನೇ ಹಿಡಿಯುವುದು ಸಹಜ. ಹೀಗಾಗಿ ಹಿಂಬದಿಯ ನಾಲ್ಕನೆಯ ಸಿಲಿಂಡರಿನ ಸುತ್ತ ಹರಿವು ಕಡಿಮೆ.

ಕಾರ್ಖಾನೆಯ ಎಂಜಿನ್ನಿಗೆ ಇದರಿಂದ ತೊಂದರೆಯಾಗಲಿಲ್ಲ. ಇದ್ದ ಉಷ್ಣಕ್ಕೆ ಆ ಹರಿವು ಸಾಕಾಗಿತ್ತು. ಮಾಜ್ಡಾದ ಎಂಜಿನಿಯರುಗಳು ತಮ್ಮ ಬಳಿ ಇದ್ದ ಅವಕಾಶದ ಒಂದಂಶವನ್ನು ಜಾಗ ಉಳಿಸಲು ಖರ್ಚು ಮಾಡಿದ್ದರು, ಅಷ್ಟೆ. ಸೂಪರ್‌ಚಾರ್ಜರ್ ಜೋಡಿಸುವವನು ಅದೇ ಅವಕಾಶವನ್ನು ಎರಡನೆಯ ಬಾರಿ ಖರ್ಚು ಮಾಡಲು ಹೊರಡುತ್ತಾನೆ. ಸಿಲಿಂಡರಿನ ಅನಿಲದಿಂದ ಗೋಡೆಗೆ ಉಷ್ಣ ಹರಿಯುವ ಗುಣಾಂಕ ಒತ್ತಡದ 0.8 ಘಾತಕ್ಕೆ ಅನುಗುಣವಾಗಿ ಏರುತ್ತದೆಂದು ವೋಷ್ನಿಯ ಸೂತ್ರ ಹೇಳುತ್ತದೆ. ಒತ್ತಡ 1.4 ಪಟ್ಟಾದರೆ ಗುಣಾಂಕ ಸುಮಾರು 1.3 ಪಟ್ಟು. ಈ ಹೆಚ್ಚುವರಿ ಉಷ್ಣ ನಾಲ್ಕೂ ಸಿಲಿಂಡರುಗಳಿಗೆ ಬೀಳುತ್ತದೆ. ಅದನ್ನು ಒಯ್ಯುವ ನೀರು ಮಾತ್ರ ಸಮನಾಗಿಲ್ಲ. ಹರಿವು ಅರ್ಧವಾದರೆ ಅಷ್ಟೇ ಉಷ್ಣಕ್ಕೆ ನೀರಿನ ತಾಪದ ಏರಿಕೆ ಎರಡು ಪಟ್ಟಾಗುತ್ತದೆ. ಬಿಸಿ ಗೋಡೆಯ ಬಳಿ ನೀರು ಸಣ್ಣ ಗುಳ್ಳೆಗಳಾಗಿ ಕುದಿಯುವುದು ಉಪಕಾರಿಯೇ, ಅದರಿಂದ ಉಷ್ಣ ಬೇಗ ಹೊರಹೋಗುತ್ತದೆ. ಗುಳ್ಳೆಗಳು ಕೂಡಿ ಆವಿಯ ಪೊರೆಯಾದರೆ ಲೋಹಕ್ಕೆ ನೀರಿನ ಸ್ಪರ್ಶವೇ ತಪ್ಪುತ್ತದೆ. ಆಗ ರೇಡಿಯೇಟರ್ ಎಷ್ಟು ದೊಡ್ಡದಿದ್ದರೂ ಆ ಜಾಗಕ್ಕೆ ಪ್ರಯೋಜನವಿಲ್ಲ.

ಹೀಗಾಗಿಯೇ ಅನುಭವಸ್ಥರು ಈ ಎಂಜಿನ್ನಿನಲ್ಲಿ ನೀರು ಹೊರಬರುವ ದಾರಿಯನ್ನು ಮತ್ತೆ ಹಿಂದಿನ ತುದಿಗೆ ಒಯ್ಯುತ್ತಾರೆ. ಎಂಜಿನ್ನಿನ ಒಳಭಾಗ ಮುಟ್ಟದೆ ಮಾಡಬಹುದಾದ ಕೆಲಸಗಳಲ್ಲಿ ಇದು ಅತ್ಯಂತ ಅರ್ಥಪೂರ್ಣವಾದದ್ದು ಎಂದು ಈ ಲೇಖಕನ ಅಭಿಪ್ರಾಯ. ಅಶ್ವಶಕ್ತಿ ಒಂದೂ ಹೆಚ್ಚುವುದಿಲ್ಲ, ಹೊರಗೆ ಹೊಳೆಯುವ ಭಾಗವೂ ಇಲ್ಲ. ಆದರೆ ಕಾಯಿಲೆಯ ಮೂಲಕ್ಕೆ ಔಷಧ ಇಲ್ಲಿದೆ.

ಡ್ಯಾಶ್‌ಬೋರ್ಡಿನ ತಾಪಮಾಪಕದ ಬಗ್ಗೆಯೂ ಒಂದು ಮಾತು. ಹಲವು ಕಾರುಗಳಲ್ಲಿ ಅದರ ಮುಳ್ಳು ಬಹು ಅಗಲವಾದ ತಾಪದ ವ್ಯಾಪ್ತಿಯುದ್ದಕ್ಕೂ ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಚಾಲಕನ ಸಮಾಧಾನಕ್ಕೆ ಇರುವ ಸಾಧನ, ಅಳತೆಗೆ ಇರುವುದಲ್ಲ. ಮೇಲಾಗಿ ಅದು ಒಂದು ಸ್ಥಳದ ತಾಪವನ್ನಷ್ಟೇ ಹೇಳುತ್ತದೆ.

ಸುಲಭ ಪರಿಹಾರಗಳ ಪರಿಶೀಲನೆ

ಪಿಸ್ಟನ್ ಬದಲಿಸದೆ ನಾಕಿಂಗ್ ತಡೆಯಲು ಸಾಮಾನ್ಯವಾಗಿ ಸೂಚಿಸುವ ಉಪಾಯಗಳು ಮೂರು.

ಮೊದಲನೆಯದು ಕಿಡಿಯನ್ನು ತಡಮಾಡುವುದು. ಇದರಿಂದ ಗರಿಷ್ಠ ಒತ್ತಡ ಇಳಿದು ನಾಕಿಂಗ್ ನಿಲ್ಲುತ್ತದೆ. ಆದರೆ ದಹನ ತಡವಾಗಿ ಮುಗಿಯುವುದರಿಂದ ಹೊರಹೋಗುವ ಹೊಗೆ ಇನ್ನಷ್ಟು ಬಿಸಿಯಾಗುತ್ತದೆ. ಪಿಸ್ಟನ್ನಿನ ಹೊರೆ ಹೊರಗವಾಟದ ಹೆಗಲಿಗೆ ದಾಟಿತು, ಉಷ್ಣ ಕಡಿಮೆಯಾಗಲಿಲ್ಲ. ಒಂದೆರಡು ಡಿಗ್ರಿಯ ತಡ ಅಗತ್ಯ ಎಚ್ಚರಿಕೆ. ಅದನ್ನೇ ಮುಖ್ಯ ಪರಿಹಾರವೆಂದು ನೆಚ್ಚುವುದು ತಪ್ಪು.

ಎರಡನೆಯದು ಇಂಧನವನ್ನು ಹೆಚ್ಚು ಸುರಿಯುವುದು. ಗಾಳಿ ಮತ್ತು ಪೆಟ್ರೋಲಿನ ರಾಸಾಯನಿಕ ಅನುಪಾತ 14.7. ಪೂರ್ಣ ಒತ್ತಡದಲ್ಲಿ ಇದನ್ನು 12ರ ಸುತ್ತ ಇಡುವುದು ವಾಡಿಕೆ. ‘ಹೆಚ್ಚಿನ ಪೆಟ್ರೋಲ್ ಆವಿಯಾಗಿ ಗಾಳಿಯನ್ನು ತಂಪು ಮಾಡುತ್ತದೆ’ ಎಂಬ ವಿವರಣೆ ಪ್ರಸಿದ್ಧ. ಲೆಕ್ಕ ಹಾಕಿ ನೋಡೋಣ. ಒಂದು ಕಿಲೋಗ್ರಾಂ ಗಾಳಿಗೆ ಹೆಚ್ಚುವರಿಯಾಗಿ ಸೇರುವ ಪೆಟ್ರೋಲ್ ಸುಮಾರು 15 ಗ್ರಾಂ. ಅದರ ಗುಪ್ತೋಷ್ಣ ಕಿಲೋಗ್ರಾಂಗೆ ಸುಮಾರು 350 ಕಿಲೋಜೌಲ್. ಪೂರ್ತಿ ಆವಿಯಾದರೂ ಗಾಳಿಯ ತಾಪ ಇಳಿಯುವುದು 5 ಡಿಗ್ರಿ ಮಾತ್ರ! ಸುಡದೆ ಉಳಿಯುವ ಇಂಧನ ದಹನದ ತಾಪವನ್ನು ಇಳಿಸುವುದು ಹೆಚ್ಚಿನ ಪಾಲು ಕೆಲಸ ಮಾಡುತ್ತದೆ. ಅದಕ್ಕೆ ತೆರುವ ಬೆಲೆ ಕಾರ್ಬನ್ ಮಾನಾಕ್ಸೈಡ್ ಮತ್ತು ಪೋಲಾದ ಪೆಟ್ರೋಲ್.

ಮೂರನೆಯದು ನೀರಿನ ಸಿಂಚನ. ಅದೇ 15 ಗ್ರಾಂ ಪೆಟ್ರೋಲಿನ ಬದಲು ನೀರನ್ನು ಸಿಂಪಡಿಸಿದರೆ? ನೀರಿನ ಗುಪ್ತೋಷ್ಣ ಕಿಲೋಗ್ರಾಂಗೆ 2257 ಕಿಲೋಜೌಲ್. ಪೂರ್ತಿ ಆವಿಯಾದರೆ ಗಾಳಿ 34 ಡಿಗ್ರಿಯಷ್ಟು ತಂಪಾಗುತ್ತದೆ. ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿ ನೀರು ಮತ್ತು ಮೆಥನಾಲ್ ಮಿಶ್ರಣವನ್ನು ಹೀಗೆ ಬಳಸಿದ್ದರು. 2015ರಲ್ಲಿ ಪ್ರಕಟವಾದ ಬಿಎಂಡಬ್ಲ್ಯು ಎಂ4 ಜಿಟಿಎಸ್ ಕಾರಿನ ಟರ್ಬೋ ಎಂಜಿನ್ನಿನಲ್ಲಿ ನೀರಿನ ಸಿಂಚನ ಕಾರ್ಖಾನೆಯಿಂದಲೇ ಬಂದಿತು. ವಿಜ್ಞಾನದ ದೃಷ್ಟಿಯಿಂದ ಈ ಉಪಾಯ ಸೊಗಸಾದದ್ದು. ಆದರೆ ನೀರಿನ ತೊಟ್ಟಿ ಬರಿದಾದರೆ, ಸಿಂಪಡಿಸುವ ನಳಿಕೆ ಕಟ್ಟಿಕೊಂಡರೆ, ಅದನ್ನೇ ನೆಚ್ಚಿ ಹೊಂದಿಸಿದ ಎಂಜಿನ್ ಕ್ಷಣಗಳಲ್ಲಿ ಕೆಡಬಹುದು. ನೀರು ನಿಂತೊಡನೆ ಒತ್ತಡವನ್ನೂ ಕಿಡಿಯನ್ನೂ ತಾನಾಗಿ ಹಿಂದಕ್ಕೆಳೆಯುವ ಏರ್ಪಾಡಿಲ್ಲದಿದ್ದರೆ ಇದನ್ನು ಹಚ್ಚಬಾರದು.

ಈ ಮೂರರ ಎದುರು ಇಂಟರ್‌ಕೂಲರನ್ನು ಇಟ್ಟು ನೋಡಿ. ಕೆಟ್ಟುಹೋಗಲು ಅದರಲ್ಲಿ ಚಲಿಸುವ ಭಾಗವಿಲ್ಲ, ತೀರಿಹೋಗಲು ದ್ರವವಿಲ್ಲ. 1.6 ಲೀಟರಿನ ಎಂಜಿನ್ 6500 ಸುತ್ತಿನಲ್ಲಿ, 1.8 ಒತ್ತಡ ಅನುಪಾತದಲ್ಲಿ ಸೆಕೆಂಡಿಗೆ ಸುಮಾರು 0.15 ಕಿಲೋಗ್ರಾಂ ಗಾಳಿ ಸೇವಿಸುತ್ತದೆ. ಅದನ್ನು ಒತ್ತಲು ಸೂಪರ್‌ಚಾರ್ಜರ್ ಕ್ರ್ಯಾಂಕ್‌ಶಾಫ್ಟಿನಿಂದ ಕಸಿಯುವ ಶಕ್ತಿ ಹತ್ತಿರ ಹತ್ತಿರ 14 ಕಿಲೋವಾಟ್. ಇಂಟರ್‌ಕೂಲರ್ ಅದರಲ್ಲಿ ಸುಮಾರು 10 ಕಿಲೋವಾಟನ್ನು ಹೊರಗಿನ ಗಾಳಿಗೆ ಎಸೆಯುತ್ತದೆ. ಅದನ್ನು ರೇಡಿಯೇಟರಿನ ಮುಂದೆ ನಿಲ್ಲಿಸಿದರೆ ಈ ಬಿಸಿ ಗಾಳಿಯೇ ರೇಡಿಯೇಟರಿಗೆ ಹೋಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ತೀರ್ಮಾನ

ಕಾರ್ಖಾನೆಯ ಒಳಭಾಗಗಳ ಮೇಲೆ ಸೂಪರ್‌ಚಾರ್ಜರ್ ಓಡಿಸಬಹುದೆ? ಓಡಿಸಬಹುದು, ಷರತ್ತುಗಳೊಂದಿಗೆ. ಸಂಪೀಡನ ಅನುಪಾತ ಇಳಿಸಲಾಗದು ಎಂದಾದ ಮೇಲೆ, ಟೊಯೋಟಾ ಪಿಸ್ಟನ್ನಿನಿಂದ ಸಾಧಿಸಿದ್ದನ್ನು ಬೇರೆಡೆಯಿಂದ ತರಬೇಕು. ಒತ್ತಡ ಮಿತವಾಗಿರಬೇಕು, ಇಂಟರ್‌ಕೂಲರ್ ಇರಲೇಬೇಕು, ಎಂಜಿನ್ನಿನ ಗರಿಷ್ಠ ವೇಗವನ್ನು ಏರಿಸಬಾರದು, ನೀರು ಎಲ್ಲ ಸಿಲಿಂಡರುಗಳನ್ನೂ ಹಾದುಹೋಗುವಂತೆ ನೋಡಿಕೊಳ್ಳಬೇಕು, ಒತ್ತಡದ ಮಾಪಕದ ಪಕ್ಕದಲ್ಲಿ ಒಳಹೋಗುವ ಗಾಳಿಯ ತಾಪ ತೋರಿಸುವ ಮಾಪಕವೂ ಇರಬೇಕು. ಎರಡರಲ್ಲಿ ಒಂದನ್ನೇ ಕೊಳ್ಳಲು ಹಣವಿದ್ದರೆ ಎರಡನೆಯದನ್ನು ಕೊಳ್ಳುವುದು ಲೇಸು. ‘ಇಷ್ಟು ಪೌಂಡ್’ ಎಂದು ಹೇಳುವವರನ್ನು ಎಷ್ಟು ಡಿಗ್ರಿಯಲ್ಲಿ, ಎಷ್ಟು ನಿಮಿಷ ಎಂದು ಕೇಳಬೇಕು. ಉತ್ತರ ಬರದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ.

ಶಿಕ್ಷಕರಿಗೆ ಒಂದು ಸೂಚನೆ. ಸೈಕಲ್ ಪಂಪಿನ ಬಾಯನ್ನು ಬೆರಳಿನಿಂದ ಮುಚ್ಚಿ ಹತ್ತಾರು ಬಾರಿ ಒತ್ತಿದರೆ ಅದರ ಕೆಳತುದಿ ಬಿಸಿಯಾಗುವುದನ್ನು ತರಗತಿಯಲ್ಲಿ ತೋರಿಸುವುದುಂಟು. ಪಾಠ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಮುಂದುವರಿದು, ಆ ಬಿಸಿ ಗಾಳಿಯನ್ನು ಇನ್ನೊಮ್ಮೆ 9.4 ಪಟ್ಟು ಒತ್ತಿದರೆ ತಾಪವೆಷ್ಟು, ಸಾಂದ್ರತೆಯೆಷ್ಟು ಎಂದು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಬಹುದು. ಪ್ರೌಢಶಾಲೆಯಲ್ಲಿ ಕಲಿತ ಅನಿಲ ನಿಯಮಕ್ಕೆ ಕಾಲೇಜಿನ ಸ್ಥಿರೋಷ್ಣ ಸಮೀಕರಣವೊಂದನ್ನು ಸೇರಿಸಿದರೆ ಈ ಲೇಖನದ ತಾಪ, ಸಾಂದ್ರತೆಗಳ ಲೆಕ್ಕಗಳನ್ನೆಲ್ಲ ಅವರೇ ಪರೀಕ್ಷಿಸಿ ನೋಡಬಲ್ಲರು. ದಕ್ಷತೆಯನ್ನು ಶೇ. 60ರ ಬದಲು ಶೇ. 70 ಎಂದು ಹಿಡಿದರೆ ಏನಾಗುತ್ತದೆ ಎಂಬುದು ಅವರಿಗೆ ಬಿಟ್ಟ ಮೊದಲ ಲೆಕ್ಕವಾಗಲಿ.